ಇಳಿಯದೆ ಬಂದ ಬೀಗತಿ

ನಮ್ಮೂರಲ್ಲಿ ಹಿರಿಯರು ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿದು, ಪಕ್ಕಕ್ಕೆ ನಿಂತು, ಅವರು ದಾಟಿ ಹೋದ ಮೇಲೆಯೇ ಮತ್ತೆ ಹತ್ತಬೇಕು. ಇದು ರೂಢಿ. ನಮ್ಮೂರಲ್ಲೇ ಇನ್ನೊಂದು ರೂಢಿಯಿದೆ: ಹಿಮ ಕರಗಿದ ಮೇಲೆ ಬೆಟ್ಟದ ದಾರಿ ತೆರೆಯಲು ಹೊರಟವರು ಆ ದಾರಿಯ ಕೊನೆ ಮುಟ್ಟುವವರೆಗೆ ಸೈಕಲ್ಲಿನಿಂದ ಇಳಿಯಬಾರದು. ಎರಡೂ ಒಳ್ಳೆಯ ರೂಢಿಗಳೇ. ಆದರೆ ಎರಡೂ ಒಂದೇ ತಿರುವಿನಲ್ಲಿ ಮುಖಾಮುಖಿಯಾದರೆ ಏನು ಗತಿ ಎಂದು ಯಾವ ಹಿರಿಯರೂ ಯೋಚಿಸಿರಲಿಲ್ಲ. ಹಿರಿಯರು ಅಂದಮೇಲೆ ಎಲ್ಲವನ್ನೂ ಯೋಚಿಸಿಟ್ಟೇ ಹೋಗಿರುತ್ತಾರೆ ಅಂದುಕೊಳ್ಳುವುದು ನಮ್ಮ ತಪ್ಪು, ಬಿಡಿ.

ನಾನು ಜೀಪಿನವನು. ದಾರಿ ತೆರೆಯುವ ದಿನ ಸೈಕಲ್ಲಿನ ಹಿಂದೆ ಮೊದಲು ಏರುವ ಗಾಡಿ ನನ್ನದು. ಹಾಗಾಗಿ ದೇವೀರಿಯ ಕಥೆಯಲ್ಲಿ ಮುಕ್ಕಾಲು ಪಾಲು ನಾನು ಕಣ್ಣಾರೆ ಕಂಡದ್ದು. ಉಳಿದದ್ದನ್ನು ಅವಳೇ ಹೇಳಿದ್ದಾಳೆ, ಅದೂ ಒಂದು ಸಲವಲ್ಲ. ದೇವೀರಿ ಯಾವ ಮಾತನ್ನೂ ಒಂದೇ ಸಲ ಹೇಳಿ ಬಿಟ್ಟವಳಲ್ಲ.

ಚಳಿಗಾಲದಲ್ಲಿ ಹಿಮ ಬಂದು ನಮ್ಮ ದಾರಿಗಳನ್ನು ತೆಗೆದುಕೊಂಡು ಹೋಗುತ್ತದೆ. ಮುಚ್ಚುವುದಲ್ಲ, ತೆಗೆದುಕೊಂಡೇ ಹೋಗುತ್ತದೆ. ಕರಗಿದ ಮೇಲೆ ನೋಡಿದರೆ ಊರಬಾಗಿಲಿನಾಚೆ ಮೇಕೆ ನಡೆಯುವಷ್ಟು ಅಗಲದ ಸವಕಲು ಜಾಡು, ಅತ್ತ ಇತ್ತ ಬಂಡೆ, ಹುಲ್ಲು, ಅಷ್ಟೇ. ಆಗ ಒಬ್ಬರು ಸೈಕಲ್ ಹತ್ತಿ ಆ ಜಾಡಿನಲ್ಲಿ ಹೊರಡಬೇಕು. ಅವರ ಹಿಂದಿನ ಚಕ್ರ ದಾಟಿದಲ್ಲೆಲ್ಲ ದಾರಿ ಬಂದು ಕೂರುತ್ತದೆ: ಎರಡು ಬಸ್ಸು ಎದುರುಬದುರು ಹೋಗುವಷ್ಟು ಡಾಂಬರು, ಪ್ರಪಾತದ ಕಡೆಗೆ ತಡೆಗೋಡೆ, ಮೈಲಿಗಲ್ಲು ಕೂಡ. ಎಲ್ಲಿ ಕಾಲು ನೆಲಕ್ಕೆ ತಾಗಿತೋ ಅಲ್ಲಿಗೆ ದಾರಿ ಮುಗಿಯಿತು, ಮತ್ತೆ ಮುಂದಿನ ವರ್ಷವೇ. ಹಿಂದಿನಿಂದ ಯಾರಾದರೂ ತಳ್ಳಿದರೆ ದಾರಿ ಬರುವುದೇನೋ ಬರುತ್ತದೆ, ಆದರೆ ತಳ್ಳಿದಷ್ಟು ದೂರ ಹಳ್ಳ ಬೀಳುತ್ತದೆ. ಒಂದು ವರ್ಷ ದಾಸಣ್ಣ ತನ್ನ ತಮ್ಮನ ಬೆನ್ನಿಗೆ ಕೈ ಕೊಟ್ಟು ಮಾಡಿದ ಹಳ್ಳದಲ್ಲಿ ನನ್ನ ಜೀಪಿನ ಸ್ಪ್ರಿಂಗ್ ಪಟ್ಟಿ ಮುರಿಯಿತು. ಅವನನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮಗೆ ಇರುವ ದಾರಿಗಳು ನಾಲ್ಕು. ಕೆರೆ ಸುತ್ತಿನ ದಾರಿ ಸುಲಭ, ಅದನ್ನು ಮುದುಕರು ಬೀಡಿ ಸೇದುತ್ತಲೇ ತೆರೆದು ಬರುತ್ತಾರೆ. ಉಪ್ಪಿನ ದಾರಿ ಉದ್ದ, ಏರು ಕಡಿಮೆ, ಎದುರುಗಾಳಿ ಜಾಸ್ತಿ. ಗಾಳಿಕಂಡಿಯ ದಾರಿಯಲ್ಲಿ ಏರುವುದಕ್ಕಿಂತ ಇಳಿಯುವುದು ಕಷ್ಟ, ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿ ಹೋಗುತ್ತವೆ. ಈ ಮೂರಕ್ಕೂ ಹುಡುಗರು ನಾ ಮುಂದು ತಾ ಮುಂದು ಅಂತ ಬರುತ್ತಾರೆ. ನಾಲ್ಕನೆಯದು ಮೇಲೂರಿನ ದಾರಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಊರಬಾಗಿಲು ದಾಟಿದ ಕೂಡಲೇ ಏರು ಶುರು, ಬೆಟ್ಟದ ನೆತ್ತಿಯಲ್ಲಿ ಮೇಲೂರು ಸಿಕ್ಕುವವರೆಗೆ ಒಂದು ಮಾರು ಸಮತಟ್ಟಿಲ್ಲ. ಅದನ್ನು ಹತ್ತಿ ಬಂದವನಿಗೆ ಆ ವರ್ಷ ಊರಲ್ಲಿ ಯಾರೂ ಎದುರು ಮಾತಾಡುವುದಿಲ್ಲ.

ಹೋದ ವರ್ಷ ಆ ದಾರಿಗೆ ಹೊರಟವನು ಭುಜಂಗ, ಮೇಲೂರಿನ ಹುಡುಗ, ದೇವೀರಿಯ ಅಳಿಯ. ಮದುವೆಯಾಗಿ ಇನ್ನೂ ಮೈಮೇಲಿನ ಅರಿಶಿನ ಆರಿರಲಿಲ್ಲ. ಗಟ್ಟಿ ಆಳು, ತೊಡೆ ಒನಕೆಯ ಹಾಗಿತ್ತು. ದೇವೀರಿಗೋ ಅಳಿಯನ ಸವಾರಿ ನೋಡುವ ಸಂಭ್ರಮ. ಮಜ್ಜಿಗೆಯ ಚೊಂಬು ಹಿಡಿದು ಮುಂಚೆಯೇ ಬೆಟ್ಟ ಹತ್ತಿ, ಗೂಳಿ ತಿರುವಿನಲ್ಲಿ ನಿಂತುಕೊಂಡಳು. ಭುಜಂಗ ಹಲ್ಲು ಕಚ್ಚಿ ತುಳಿಯುತ್ತ ತಿರುವಿಗೆ ಬಂದ, ತಲೆಯೆತ್ತಿದ, ಎದುರಿಗೆ ಅತ್ತೆ! ಸಣ್ಣಂದಿನಿಂದ ಮೈಗೆ ಹತ್ತಿದ ರೂಢಿ. ತಲೆ ಯೋಚಿಸುವುದಕ್ಕೆ ಮೊದಲೇ ಕಾಲು ಇಳಿದುಬಿಟ್ಟಿತು. ಸೈಕಲ್ ಪಕ್ಕಕ್ಕೆ ಹಿಡಿದು, "ಚೆನ್ನಾಗಿದೀರಾ ಅತ್ತೆ?" ಅಂದ. ಹಿಂದೆ ಬರುತ್ತಿದ್ದ ನಾನು ಬ್ರೇಕ್ ತುಳಿದೆ. ಡಾಂಬರು ಅವನ ಹಿಮ್ಮಡಿಯ ತನಕ ಬಂದು, ಕತ್ತಿಯಲ್ಲಿ ಕೊಯ್ದ ಹಾಗೆ ನಿಂತಿತ್ತು. ದೇವೀರಿಯ ಕೈಯಲ್ಲಿ ಚೊಂಬು ಹಾಗೆಯೇ ಇತ್ತು.

"ಅಯ್ಯೋ ನನ್ನಪ್ಪಾ, ಇಳಿದ್ಯಾ?" ಅಂದಳು. ಅಷ್ಟೇ ಅವಳು ಅಂದದ್ದು.

ಆಮೇಲೆ ಅಂದವರು ಊರವರು. ಗೂಳಿ ತಿರುವಿಗೆ 'ಅತ್ತೆ ತಿರುವು' ಅಂತ ಹೆಸರಿಟ್ಟರು. ಮೇಲೂರಿನವರು ವರ್ಷವಿಡೀ ಉಪ್ಪು, ಸೀಮೆಎಣ್ಣೆ, ಅಕ್ಕಿ ಎಲ್ಲವನ್ನೂ ಆ ತಿರುವಿನಿಂದ ತಲೆಯ ಮೇಲೆ ಹೊತ್ತರು, ಹೊತ್ತಾಗಲೆಲ್ಲ ದೇವೀರಿಯ ಹೆಸರು ಹಿಡಿದು ಬೈದರು. ಅವಳ ಒಬ್ಬಳೇ ಮಗಳು ಸಂಪಿ ಮಾತ್ರ ಗಂಡನ ಕೈ ಹಿಡಿದು ಬಂಡೆಯಿಂದ ಬಂಡೆಗೆ ಹಾರುತ್ತ, ನಗುತ್ತಲೇ ಗಂಡನ ಮನೆಗೆ ಹತ್ತಿ ಹೋಗಿದ್ದಳು. ಹಾಗೆ ಹತ್ತಿ ಹೋದವಳು ಈಗ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದೊಂದು ಕಡೆ. ಸೂಲಗಿತ್ತಿಯಾಗಲಿ ಆಸ್ಪತ್ರೆಯಾಗಲಿ ಇರುವುದು ಕೆಳಗೆ, ಅದು ಇನ್ನೊಂದು ಕಡೆ. ಆ ಹೊಟ್ಟೆ ಹೊತ್ತುಕೊಂಡು ಬಂಡೆ ಇಳಿಯುವುದು ಆಗದ ಮಾತು. ಈ ವರ್ಷ ದಾರಿ ಮೇಲೂರು ಮುಟ್ಟಿದರೆ ನನ್ನ ಜೀಪು ಹೋಗಿ ಅವಳನ್ನು ಕರೆತರಬಹುದು, ಮುಟ್ಟದಿದ್ದರೆ ಇಲ್ಲ.

ಹಿಮ ಕರಗತೊಡಗಿದಾಗ ಕರಿಬಸಪ್ಪನವರ ಸೈಕಲ್ ಅಂಗಡಿಯ ಮುಂದೆ ಎಲ್ಲರೂ ಸೇರಿದರು. ಯಾವ ದಾರಿಗೆ ಯಾರು ಅಂತ ತೀರ್ಮಾನ ಮಾಡುವವರು ಕರಿಬಸಪ್ಪನವರೇ, ಊರಿಗೆಲ್ಲ ಹಿರಿಯರು. ಒಮ್ಮೆ ಕಾಲೂರಿದವನು ಮೂರು ವರ್ಷ ದಾರಿ ಹತ್ತುವ ಹಾಗಿಲ್ಲ, ಹಾಗಾಗಿ ಭುಜಂಗನ ಮಾತೇ ಇಲ್ಲ. ಮಿಕ್ಕ ಹುಡುಗರು ಒಬ್ಬೊಬ್ಬರೇ ಜಾರಿಕೊಂಡರು. ಒಬ್ಬನಿಗೆ ಮೇಲೂರಿನಲ್ಲಿ ಸೋದರಮಾವ, ಇನ್ನೊಬ್ಬನಿಗೆ ದೊಡ್ಡಪ್ಪ, ಮತ್ತೊಬ್ಬನಿಗೆ ಅಜ್ಜಿ. "ಎದುರಿಗೆ ಬಂದು ನಿಂತರೆ ಕಾಲು ತಾನಾಗೇ ಇಳಿದುಬಿಡುತ್ತೆ ಸ್ವಾಮಿ, ನಮ್ಮ ಕೈಲಿಲ್ಲ," ಅಂದರು. ಭುಜಂಗನನ್ನು ನೋಡಿ ವರ್ಷವೆಲ್ಲ ನಕ್ಕವರೇ ಇವರೆಲ್ಲ.

ಅಷ್ಟರಲ್ಲಿ ಬೆಲ್ಲು ಹೊಡೆಯುತ್ತ ದೇವೀರಿ ಬಂದಳು. ಗಂಡ ತೀರಿಕೊಂಡ ಮೇಲೆ ಸೈಕಲ್ಲಿಗೆ ಮೊಸರಿನ ಕ್ಯಾನು ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಮಗಳನ್ನು ಸಾಕಿದವಳು. ಇಷ್ಟು ಹಿರಿಯರು ಸೇರಿದ್ದಾರಲ್ಲ, ಇಳಿಯಬೇಕೋ ಬೇಡವೋ? ಇಳಿಯಲಿಲ್ಲ. ಅವಳು ಯಾರಿಗೂ ಯಾವತ್ತೂ ಇಳಿದವಳಲ್ಲ. ಕೇಳಿದರೆ, "ಇಳಿದು ಹತ್ತಿ ಇಳಿದು ಹತ್ತಿ ಮೊಸರು ಕದಡಿ ನೀರಾದ್ರೆ ನೀವು ಕೊಳ್ತೀರಾ?" ಅನ್ನುತ್ತಿದ್ದಳು. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ಕಾಲು ಕರಿಬಸಪ್ಪನವರ ಅಂಗಡಿಯ ಕಟ್ಟೆಯ ಮೇಲೆ ಇಟ್ಟು ನಿಂತಳು.

"ಮೇಲೂರಿಗೆ ನಾನು ಹೋಯ್ತೀನಿ," ಅಂದಳು.

ಗೊಳ್ಳೆಂದು ನಕ್ಕರು. ಯಾರೋ, "ದೇವೀರಕ್ಕಾ, ಅಲ್ಲಿಗೆ ಮೊಸರು ಕೊಡೋಕಾ?" ಅಂದ. ಕರಿಬಸಪ್ಪನವರು ಮಾತ್ರ ನಗಲಿಲ್ಲ. ಅವರಿಗೆ ಅವಳ ಮೇಲೆ ಪ್ರೀತಿಯೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಕಂಡರಾಗುತ್ತಿರಲಿಲ್ಲ. ಕಟ್ಟೆಯ ಮೇಲಿದ್ದ ಅವಳ ಕಾಲನ್ನೇ ನೋಡಿದರು.

"ಇವಳು ನಮ್ಮಪ್ಪನಿಗೂ ಇಳೀಲಿಲ್ಲ, ನನಗೂ ಇಳೀಲಿಲ್ಲ," ಅಂದರು. "ಇಷ್ಟು ವರ್ಷ ಇವಳ ಸೊಕ್ಕು ಯಾವಾಗ ಮುರಿಯುತ್ತೋ ಅಂತ ಕಾಯ್ತಿದ್ದೆ. ಮುರಿಯದೇ ಇದ್ದದ್ದೇ ಒಳ್ಳೇದಾಯ್ತು. ಇಳಿಯೋದೇ ಗೊತ್ತಿಲ್ಲದವಳನ್ನ ಬಿಟ್ಟು ಇನ್ಯಾರನ್ನ ಕಳಿಸ್ತೀರಯ್ಯಾ?"

ಹಾಗೆ ತೀರ್ಮಾನವಾಯಿತು. ದಾರಿ ಮೇಲೂರು ಮುಟ್ಟುವವರೆಗೆ ನಮ್ಮೂರಿನ ಹಿರಿಯರು ಯಾರೂ ಊರಬಾಗಿಲು ದಾಟಬಾರದು ಅಂತಲೂ ಗೊತ್ತುಮಾಡಿದರು. ಎಲ್ಲ ಸರಿಹೋಯಿತು ಅನ್ನುವಾಗ ಸುದ್ದಿ ಮೇಲೂರು ಮುಟ್ಟಿ, ಎರಡು ದಿನ ಬಿಟ್ಟು ಮೇಲಿನಿಂದ ಭುಜಂಗ ಬಂಡೆ ಇಳಿದು ಬಂದ. ಮುಖ ಬಾಡಿತ್ತು. ಅವನ ತಾಯಿ ದೊಡ್ಡತಾಯಮ್ಮ ಹೇಳಿಕಳಿಸಿದ ಮಾತನ್ನು ಅತ್ತೆಯ ಮುಂದೆ ಹೇಳಲಾರದೆ ನನ್ನ ಜೀಪಿನ ಬಾನೆಟ್ ನೋಡಿಕೊಂಡು ಹೇಳಿದ.

"ಅವ್ವ ಅಂದ್ಲು, 'ನನ್ನ ಮಗ ಅವಳಿಗೆ ಇಳಿದು ಮೂರೂರಲ್ಲಿ ನಗೆಪಾಟಲಾದ. ಈಗ ಅವಳು ನನಗೆ ಇಳಿಯಲ್ವಾ? ನನ್ನ ಮಗನಿಗೊಂದು ನ್ಯಾಯ, ಅವಳಿಗೊಂದು ನ್ಯಾಯವಾ? ಕೊನೇ ತಿರುವಲ್ಲಿ ನಾನೇ ನಿಂತಿರ್ತೀನಿ. ಗಂಡಿನ ತಾಯಿ ಮುಂದೆ ಕುದುರೆ ಮೇಲಿನ ಸಿಪಾಯಿ ಥರ ಕೂತ್ಕೊಂಡು ಹೋದ್ರೆ ನನ್ನ ಸೊಸೆ ಈ ಹೊಸಲು ದಾಟಲ್ಲ.' ಇಷ್ಟು ಅತ್ತೆ. ನನ್ನ ಮಾತಲ್ಲ ಇದು."

ನೋಡಿ, ಇಕ್ಕಟ್ಟು ಅಂದರೆ ಇದು. ಬೀಗತಿಗೆ ಇಳಿದರೆ ದಾರಿ ಕೊನೆಯ ತಿರುವಿನಲ್ಲೇ ನಿಲ್ಲುತ್ತದೆ, ಅಲ್ಲಿಂದ ಮೇಲೂರಿಗೆ ಇರುವ ಕಡಿದಾದ ಮೇಕೆ ಜಾಡು ಬಸುರಿ ಇಳಿಯುವಂಥದ್ದಲ್ಲ. ಇಳಿಯದಿದ್ದರೆ ದಾರಿಯೇನೋ ಮುಟ್ಟುತ್ತದೆ, ಮಗಳನ್ನು ಕಳಿಸುವುದಿಲ್ಲ. ಅತ್ತ ದರಿ, ಇತ್ತ ಪುಲಿ. ದೇವೀರಿ ಏನಾದರೂ ಜೋರು ಜವಾಬು ಕೊಡುತ್ತಾಳೆ, ಕೇಳಿ ಮಜಾ ತೆಗೆದುಕೊಳ್ಳೋಣ ಅಂತ ಸುತ್ತ ನಿಂತವರೆಲ್ಲ ಕಾದರು. ಅವಳು ಅಳಿಯನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, "ಸಂಪಿ ಊಟ ಮಾಡ್ತಾಳಾ?" ಅಂತಷ್ಟೇ ಕೇಳಿ ಸೈಕಲ್ ತಳ್ಳಿಕೊಂಡು ಮನೆಗೆ ಹೋದಳು. ಅವಳು ಸೈಕಲ್ ತಳ್ಳಿಕೊಂಡು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ದಿನದಿಂದ ಅವಳಿಗೆ ಹುಚ್ಚು ಹಿಡಿಯಿತು ಅಂತ ಊರು ಮಾತಾಡತೊಡಗಿತು. ನಮ್ಮೂರಲ್ಲಿ ಗಾಣಿಗರ ಬೀದಿ ಕಡಿದಾದ ಏರು. ಮೊಸರು ಕೊಟ್ಟು ಮುಗಿಸಿದವಳು ಆ ಬೀದಿಯಲ್ಲಿ ನಿಧಾನಕ್ಕೆ ತುಳಿಯುತ್ತ ಹತ್ತುವಳು, ಅರ್ಧ ದಾರಿಯಲ್ಲಿ ಹ್ಯಾಂಡಲ್ ಬಿಟ್ಟು ಎರಡೂ ಕೈ ಜೋಡಿಸುವಳು. ಜೋಡಿಸಿದ ಕೂಡಲೇ ದಬಕ್ಕನೆ ಬೀಳುವಳು. ಎದ್ದು, ಸೀರೆ ಕೊಡವಿಕೊಂಡು, ಮತ್ತೆ ಕೆಳಗಿನಿಂದ ಶುರು. ದೀಪದ ಕಂಬಕ್ಕೆ ಕೈ ಮುಗಿದು ಬಿದ್ದಳು. ನನ್ನ ಜೀಪಿಗೆ ಕೈ ಮುಗಿದು ಚರಂಡಿಗೆ ಬಿದ್ದಳು. ಮೊಣಕೈ ತರಚಿಹೋಯಿತು, ಹಣೆಯ ಮೇಲೆ ಬುಗುಟು ಎದ್ದಿತು. ಇಳಿಜಾರಿನಲ್ಲಿ ಕೈ ಬಿಡುವುದು ಯಾವ ಪೋರನಿಗಾದರೂ ಬರುತ್ತದೆ, ಏರಿನಲ್ಲಿ ಕೈ ಬಿಟ್ಟರೆ ಸೈಕಲ್ ಹಾವಿನಂತೆ ಹೊರಳುತ್ತದೆ. ಒಂದು ದಿನ ಗಾಣಿಗರ ಬೀದಿಯ ತುದಿಯಲ್ಲಿ ಅಗಸರ ಕತ್ತೆಯೊಂದು ನಿಂತಿತ್ತು. ದೇವೀರಿ ಕತ್ತೆಗೆ ಕೈ ಮುಗಿದಳು, ತಲೆ ಬಾಗಿಸಿದಳು, ಬೀಳಲಿಲ್ಲ.

"ಏನವ್ವಾ ತಾಯಿ, ಕತ್ತೆಗೂ ಕೈ ಮುಗೀತಿದ್ದೀಯಲ್ಲ?" ಅಂದೆ.

"ಕೆಲಸ ಆಗ್ಬೇಕಾದ್ರೆ ಕತ್ತೆ ಕಾಲು ಹಿಡಿ ಅಂತಾರೆ ಜವರಣ್ಣ. ನಾನಿನ್ನೂ ಕೈಯಷ್ಟೇ ಮುಗೀತಿದ್ದೀನಿ," ಅಂದಳು. ಉಬ್ಬಿದ ಹಣೆಯ ಕೆಳಗೆ ಅವಳ ಕಣ್ಣು ನಗುತ್ತಿತ್ತು. ಆಗ ನನಗೆ ಅರ್ಥವಾಯಿತು. ಯಾರಿಗೂ ಹೇಳಲಿಲ್ಲ.

ಆ ದಿನ ಬಂತು. ಹೊತ್ತು ಹುಟ್ಟಿ ಬೆಟ್ಟದ ನೆತ್ತಿ ಕೆಂಪಾಗುವಾಗ ಊರೆಲ್ಲ ಬಾಗಿಲಿನ ಒಳಗೇ ನಿಂತಿತ್ತು. ಸವಾರರು ಚಪ್ಪಲಿಯನ್ನು ಬಾಗಿಲಿನ ಮೊಳೆಗೆ ತೂಗುಹಾಕಿ ಹೋಗಬೇಕು. ಬರಿಗಾಲಾದರೆ ನೆಲಕ್ಕೆ ಇಡುವ ಆಸೆ ಕಡಿಮೆ ಅಂತ ಹಳಬರ ಲೆಕ್ಕ. ದೇವೀರಿ ಸೀರೆಯನ್ನು ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಮೊಸರಿನ ಕ್ಯಾನಿರುತ್ತಿದ್ದ ಕ್ಯಾರಿಯರಿಗೆ ಒಂದು ಗಂಟು ಕಟ್ಟಿದ್ದಳು. "ಅದ್ಯಾಕಮ್ಮ ಭಾರ?" ಅಂದರು ಕರಿಬಸಪ್ಪನವರು. "ಸಂಪಿಗೆ ಹಸಿರು ಸೀರೆ, ಬಳೆ. ಹಿಂದೆ ಭಾರ ಇಲ್ದಿದ್ರೆ ನನಗೆ ಸೈಕಲ್ ತುಳಿಯೋಕೇ ಬರಲ್ಲ," ಅಂದಳು. ಅವರು ಸೀಟು ಹಿಡಿದರು, ಅವಳು ಹತ್ತಿ ಕೂತಳು, ಅವರು ಕೈ ಬಿಟ್ಟರು.

ಮೇಕೆ ಜಾಡಿನಲ್ಲಿ ಅವಳು, ಅವಳ ಹಿಂದೆ ಉರುಳಿ ಬರುವ ದಾರಿ, ದಾರಿಯ ಮೇಲೆ ನಾನು. ಹೊಸ ಡಾಂಬರಿನ ಬಿಸಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಾರ್ನ್ ಹೊಡೆಯುವಂತಿಲ್ಲ, ಮಾತಾಡಿಸುವಂತಿಲ್ಲ. ಮೊದಲ ತಿರುವುಗಳನ್ನು ಬೀದಿಯಲ್ಲಿ ಮೊಸರು ಕೊಟ್ಟುಬರುವ ಹಾಗೆಯೇ ದಾಟಿದಳು. ಅತ್ತೆ ತಿರುವು ಬಂತು. ಅಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ತುಳಿಯುತ್ತಲೇ ಖಾಲಿ ಬಂಡೆಯ ಕಡೆ ತಿರುಗಿ, "ಅತ್ತೆ ತಿರುವಂತೆ! ಇನ್ನೊಂದ್ಸಲ ಯಾವನಾದ್ರೂ ಹಂಗಂದ್ರೆ ಹಲ್ಲು ಉದುರಿಸ್ತೀನಿ!" ಅಂತ ಕೂಗಿದಳು. ಬೆಟ್ಟ ಅದನ್ನೇ ಅವಳಿಗೆ ವಾಪಸು ಕೂಗಿತು.

ಅಲ್ಲಿಂದ ಮುಂದೆ ಏರು ಅನ್ನುವುದು ಏರಲ್ಲ, ಗೋಡೆ. ಉಸ್ಸಪ್ಪ ತಿರುವಿನಲ್ಲಿ ಅವಳು ಸೀಟಿನಿಂದ ಎದ್ದು ನಿಂತು, ಒಂದೊಂದು ಪೆಡಲಿಗೂ ಮೈಯ ಭಾರವನ್ನೆಲ್ಲ ಹಾಕಿ ತುಳಿದಳು. ಉಸಿರಿನ ಸದ್ದು ಜೀಪಿನೊಳಗೆ ಕೇಳುತ್ತಿತ್ತು. ಮುಂದೆ ಹಿಮದ ನೀರು ಜಾಡಿಗೆ ಅಡ್ಡ ಹರಿಯುತ್ತಿತ್ತು. ನಡುನೀರಿನಲ್ಲಿ ಮುಂದಿನ ಚಕ್ರ ಒಂದು ಉರುಟು ಕಲ್ಲಿಗೆ ತಾಗಿ ನಿಂತೇಬಿಟ್ಟಿತು. ಸೈಕಲ್ ವಾಲಿತು. ಅವಳ ಎಡಗಾಲು ಪೆಡಲು ಬಿಟ್ಟು ಕೆಳಗೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ದೇವೀರಿ ಬಂಡೆಗೋಡೆಗೆ ಭುಜ ಕೊಟ್ಟು ನಿಂತಿದ್ದಾಳೆ, ಕಾಲು ನೀರಿನ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಅಲ್ಲಾಡುತ್ತಿದೆ! ಕಾಲೂರಿದರೆ ತಪ್ಪು, ನಿಜ. ಭುಜ ಊರಿದರೆ ತಪ್ಪು ಅಂತ ಯಾರೂ ಹೇಳಿಲ್ಲ. ಕುಪ್ಪಸದ ತೋಳು ಹರಿದು ರಕ್ತ ಒಸರುತ್ತಿತ್ತು. ಕಾಲನ್ನು ಪೆಡಲಿಗೆ ತಂದು, ಹಲ್ಲು ಕಚ್ಚಿ, ಭುಜದಿಂದಲೇ ಬಂಡೆಯನ್ನು ನೂಕಿ ಮುಂದೆ ಹೋದಳು. "ಭಲೇ ನನ್ನವ್ವಾ!" ಅಂತ ನಾನು ಸ್ಟಿಯರಿಂಗ್ ಗುದ್ದಿದೆ.

ಕೊನೆಯ ತಿರುವಿನಲ್ಲಿ ಮೇಲೂರಿಗೆ ಮೇಲೂರೇ ನೆರೆದಿತ್ತು. ಜಾಡಿನ ಅಂಚಿನಲ್ಲಿ ಎಲ್ಲರಿಗಿಂತ ಮುಂದೆ ದೊಡ್ಡತಾಯಮ್ಮ, ಕರಿ ಕಂಬಳಿ ಹೊದ್ದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹೆಸರಿಗೆ ತಕ್ಕ ಹೆಂಗಸು. ಮೇಲೂರಿನಲ್ಲಿ ಅವಳು ಎದ್ದು ನಿಂತರೆ ಗಂಡಸರು ಮಾತು ನಿಲ್ಲಿಸುತ್ತಾರೆ. ಅವಳ ಹಿಂದೆ, ಊರ ಗಡಿಕಲ್ಲಿನ ಹತ್ತಿರ, ಭುಜಂಗನ ತೋಳು ಹಿಡಿದುಕೊಂಡು ಸಂಪಿ. ಆ ಹೊಟ್ಟೆ ನಾನಿದ್ದ ದೂರಕ್ಕೂ ಕಾಣುತ್ತಿತ್ತು. ದೇವೀರಿಗೂ ಕಂಡಿತು. ಆಮೇಲೆ ಹೇಳಿದಳು: "ಹೊಟ್ಟೆ ಕಂಡಿದ್ದೇ ತಡ ಜವರಣ್ಣ, ನನ್ನ ಕಾಲಲ್ಲಿದ್ದ ಜೀವ ಪೂರ್ತಿ ಹೋಗಿ, ಮತ್ತೆ ಎಲ್ಲಿಂದಲೋ ಬಂತು."

ಬೀಗತಿಯ ಎದುರಿಗೆ ಬಂದಾಗ ಸೈಕಲ್ ತೆವಳುತ್ತಿತ್ತು. ಇಳಿಯುತ್ತಾಳೋ ಇಲ್ಲವೋ ಅಂತ ನೂರು ಕಣ್ಣು ಅವಳ ಪಾದದ ಮೇಲೆ. ಪಾದ ಪೆಡಲಿನ ಮೇಲೇ ಇತ್ತು. ದೇವೀರಿ ಹ್ಯಾಂಡಲ್ಲಿನಿಂದ ಮೊದಲು ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು. ಎರಡನ್ನೂ ಎದೆಯ ಹತ್ತಿರ ಜೋಡಿಸಿದಳು. ಯಾರಿಗೂ ಬಾಗದ ಆ ತಲೆಯನ್ನು ಹ್ಯಾಂಡಲ್ಲಿಗೆ ಹಣೆ ತಾಗುವಷ್ಟು ಬಾಗಿಸಿದಳು.

"ಬೀಗ್ರೇ, ಶರಣು," ಅಂದಳು. ಏದುಸಿರಿನಲ್ಲಿ ಮಾತು ತುಂಡಾಗುತ್ತಿತ್ತು. "ಕಾಲೊಂದು ಇಳಿಸೋ ಹಂಗಿಲ್ಲ. ಮಿಕ್ಕಿದ್ದೆಲ್ಲಾ ಇಳಿಸಿದ್ದೀನಿ. ನನ್ನ ಮಗಳನ್ನ ಕಳಿಸಿಕೊಡಿ."

ಸೈಕಲ್ ಹೊರಳಿತು. ತಡೆಗೋಡೆ ಬರುವುದು ಚಕ್ರದ ಹಿಂದೆ, ಮುಂದೆ ಇದ್ದದ್ದು ಬರೀ ಪ್ರಪಾತ. ಮುಂದಿನ ಚಕ್ರ ಜಾಡಿನ ಅಂಚಿಗೆ ಹೋಯಿತು, ಒಂದು ಹಿಡಿ ಕಲ್ಲು ಕೆಳಗೆ ಉದುರಿತು, ಉದುರಿದ ಸದ್ದು ಎಷ್ಟು ಹೊತ್ತಾದರೂ ಕೇಳಲಿಲ್ಲ.

"ಅಯ್ಯಯ್ಯೋ! ಹಿಡ್ಕೊಳ್ಳೇ, ಹ್ಯಾಂಡಲ್ ಹಿಡ್ಕೊಳ್ಳೇ ಮಾರಾ‌ಯ್ತಿ!" ದೊಡ್ಡತಾಯಮ್ಮ ಕಿರುಚಿದಳು.

ದೇವೀರಿ ಹಿಡಿಯಲಿಲ್ಲ. ಜೋಡಿಸಿದ ಕೈ ಜೋಡಿಸಿದ ಹಾಗೇ, ಬಗ್ಗಿಸಿದ ತಲೆ ಬಗ್ಗಿಸಿದ ಹಾಗೇ, ಸೊಂಟವನ್ನು ಅತ್ತ ಇತ್ತ ತಿರುಗಿಸುತ್ತ ತುಳಿಯುತ್ತಲೇ ಇದ್ದಳು. ಸೊಕ್ಕಿನ ಹೆಂಗಸು ನೋಡಿ, ಶರಣಾಗುವಾಗಲೂ ಅದೇ ಸೊಕ್ಕು!

"ಮೊದಲು ಹೂಂ ಅನ್ನಿ," ಅಂದಳು.

"ಹೂಂ ಕಣೇ, ಹೂಂ! ನೂರು ಸಲ ಹೂಂ! ಹಿಡ್ಕೋ ಅಂದ್ರೆ!" ಅಂದವಳೇ ದೊಡ್ಡತಾಯಮ್ಮ ಗಿರ್ರನೆ ತಿರುಗಿ ಬೆನ್ನು ತೋರಿಸಿ ನಿಂತುಬಿಟ್ಟಳು. "ನಾನು ನಿನ್ನ ನೋಡೇ ಇಲ್ಲ! ನೋಡದೋರ ಮುಂದೆ ಇಳಿಯೋದೇನು, ಬಿಡೋದೇನು? ಏಯ್, ನೀವೆಲ್ಲ ಏನು ಬಾಯಿ ಬಿಟ್ಕೊಂಡು ನಿಂತಿದ್ದೀರಿ? ತಿರುಗ್ರೋ ಎಲ್ಲಾ! ಯಾರಾದ್ರೂ ಈ ಕಡೆ ನೋಡಿದ್ರೆ ನನ್ನಂಥ ಕೆಟ್ಟವಳಿಲ್ಲ!"

ಮೇಲೂರಿನವರು ತಿರುಗಿದರು. ಮುದುಕರು, ಮುದುಕಿಯರು, ಸೋದರಮಾವಂದಿರು, ದೊಡ್ಡಪ್ಪಂದಿರು, ಕಂಕುಳಲ್ಲಿ ಮಗು ಎತ್ತಿಕೊಂಡವರು, ಎಲ್ಲರೂ. ಜಾಡಿನ ಎರಡೂ ಕಡೆ ಬೆನ್ನಿಗೆ ಬೆನ್ನು, ಕಂಬಳಿಗೆ ಕಂಬಳಿ. ಯಾರೂ ನೋಡುತ್ತಿಲ್ಲ, ಎಲ್ಲರ ಕಿವಿಯೂ ಹಿಂದಕ್ಕೆ. ದೇವೀರಿ ಹ್ಯಾಂಡಲ್ ಹಿಡಿದಳು. ಆ ಬೆನ್ನುಗಳ ನಡುವೆ ಚೈನಿನ ಕಿರ್ ಕಿರ್ ಸದ್ದೊಂದೇ ಮೇಲೆ ಹತ್ತುತ್ತ ಹೋಯಿತು. ಹಿಂದೆ ಡಾಂಬರು ಬರುತ್ತಿತ್ತು, ತಡೆಗೋಡೆ ಬರುತ್ತಿತ್ತು. ನನಗೆ ಕಣ್ಣಲ್ಲಿ ನೀರು ತುಂಬಿ ದಾರಿ ಕಾಣಲಿಲ್ಲ, ವೈಪರ್ ಹಾಕಿದೆ, ಮೂರ್ಖ ನಾನು. ತಿರುಗದೆ ನಿಂತಿದ್ದವಳು ಸಂಪಿ ಒಬ್ಬಳೇ. ಅವಳಿಗೆ ತಿರುಗು ಅನ್ನುವ ಧೈರ್ಯ ಯಾರಿಗಿತ್ತು? ತಾಯಿ ಹತ್ತಿರ ಬಂದ ಹಾಗೆಲ್ಲ "ಅವ್ವಾ, ಬಂದೆ ನೀನು, ಬಂದೇಬಿಟ್ಟೆ, ಇನ್ನೊಂಚೂರು" ಅಂತ ಅಳುತ್ತ ನಗುತ್ತ ಹೇಳುತ್ತಿದ್ದಳು.

ಸೈಕಲ್ ಗಡಿಕಲ್ಲು ದಾಟಿತು.

ದಾಟಿದ ಸವಾರರ ಹ್ಯಾಂಡಲ್ ಹಿಡಿದು ಇಳಿಸಿಕೊಳ್ಳಬೇಕಾದವರು ಮೇಲೂರಿನವರು. ಅವರೆಲ್ಲ ಇನ್ನೂ ಬೆನ್ನು ತಿರುಗಿಸಿಕೊಂಡೇ ಇದ್ದಾರೆ! ದೇವೀರಿಯ ಕಾಲು ಮರಗಟ್ಟಿ ತಾನಾಗಿ ಇಳಿಯುವ ಶಕ್ತಿಯಿಲ್ಲ. ಊರ ಮುಂದಿನ ಸಮತಟ್ಟಿನಲ್ಲಿ ಸುತ್ತು ಹಾಕುತ್ತ, "ಯಾರಾದ್ರೂ ಹಿಡೀರೋ, ಬಿದ್ದು ಹೋಯ್ತೀನಿ!" ಅಂದಳು. ಭುಜಂಗ ತಿರುಗಲೋ ಬೇಡವೋ ಅಂತ ಕುತ್ತಿಗೆ ಅರ್ಧ ತಿರುಗಿಸಿ ತಾಯಿಯ ಅಪ್ಪಣೆಗೆ ಕಾದ. ಕೊನೆಗೆ ಓಡಿ ಬಂದು ಹ್ಯಾಂಡಲ್ ಹಿಡಿದವಳು ದೊಡ್ಡತಾಯಮ್ಮನೇ.

"ಇಳೀಬ್ಯಾಡ, ಇರು," ಅಂದಳು. "ಲೋ ಭುಜಂಗ, ಬಿಸಿನೀರಿನ ತಂಬಿಗೆ ತಾರೋ!"

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನವರು ಗಂಡಿನವರ ಕಾಲು ತೊಳೆಯುತ್ತಾರೆ. ಗಂಡಿನ ತಾಯಿ ಹೆಣ್ಣಿನ ತಾಯಿಯ ಕಾಲು ತೊಳೆದದ್ದನ್ನು ನಾನಂತೂ ನೋಡಿಲ್ಲ, ಕೇಳಿಲ್ಲ. ದೊಡ್ಡತಾಯಮ್ಮ ಹ್ಯಾಂಡಲ್ಲನ್ನು ಮಗನ ಕೈಗೆ ಕೊಟ್ಟು, ಕಂಬಳಿ ಪಕ್ಕಕ್ಕೆ ಎಸೆದು, ನೆಲಕ್ಕೆ ಕೂತಳು. ಪೆಡಲಿನ ಮೇಲಿದ್ದ ಪಾದಕ್ಕೆ ಬಿಸಿನೀರು ಹುಯ್ದು ಕೈಯಾರೆ ಉಜ್ಜಿದಳು, ಒಂದಾದ ಮೇಲೆ ಒಂದು. ದೇವೀರಿ, "ಬ್ಯಾಡ ಬೀಗ್ರೇ, ಬ್ಯಾಡ" ಅಂತ ಹೇಳುತ್ತಲೇ ಅತ್ತಳು. ಬೈಗುಳಕ್ಕೆ ಅಳದವಳು ಬಿಸಿನೀರಿಗೆ ಅತ್ತಳು.

"ಈಗ ಇಳೀರಿ ಬೀಗ್ರೇ," ಅಂದಳು ದೊಡ್ಡತಾಯಮ್ಮ. ಅವಳ ಬಾಯಲ್ಲಿ ದೇವೀರಿಗೆ ಬಹುವಚನ ಬಂದದ್ದು ಅದೇ ಮೊದಲು.

ಒದ್ದೆ ನೆಲಕ್ಕೆ ದೇವೀರಿಯ ಕಾಲು ತಾಗಿತು. ದಾರಿ ಅಲ್ಲಿಗೆ ಮುಗಿಯಿತು, ಮುಗಿಯಬೇಕಾದಲ್ಲೇ ಮುಗಿಯಿತು. ನಾನು ಹಾರ್ನ್ ಒತ್ತಿಹಿಡಿದೆ. ಇಡೀ ಮೇಲೂರು ತಿರುಗಿ ಕೂಗಿತು. ಆ ಹಾರ್ನ್ ಅವತ್ತು ಕೆಟ್ಟದ್ದು ಇನ್ನೂ ಸರಿಹೋಗಿಲ್ಲ, ಹೋಗಲಿ ಬಿಡಿ.

ಹಸಿರು ಸೀರೆ ಉಟ್ಟು ಹಸಿರು ಬಳೆ ತೊಟ್ಟ ಸಂಪಿಯನ್ನು ಮುಂದಿನ ಸೀಟಿನಲ್ಲಿ ದಿಂಬು ಒತ್ತಿ ಕೂರಿಸಿದೆವು. ಹಿಂದೆ ದೊಡ್ಡತಾಯಮ್ಮ ಕೋಳಿ, ತುಪ್ಪದ ಗಡಿಗೆ, ಬೆಳ್ಳುಳ್ಳಿಯ ಗೊಂಚಲು ಎಲ್ಲ ಇಟ್ಟುಕೊಂಡು ತಾನೂ ಹತ್ತಿದಳು. ಬಾಣಂತನ ಒಬ್ಬಳ ಕೈಲಾಗುವ ಕೆಲಸವಾ ಅಂತ ನನ್ನನ್ನೇ ದಬಾಯಿಸಿದಳು. ದೇವೀರಿಯನ್ನೂ ಜೀಪು ಹತ್ತು ಅಂದರೆ ಕೇಳಲಿಲ್ಲ. ನಮ್ಮ ಮುಂದೆ ಸೈಕಲ್ಲಿನಲ್ಲೇ, ತಾನೇ ತಂದ ದಾರಿಯಲ್ಲಿ, ಸೆರಗು ಹಾರಿಸಿಕೊಂಡು ಇಳಿದಳು. ಅತ್ತೆ ತಿರುವಿನಲ್ಲಿ ಬೆಲ್ಲು ಹೊಡೆದಳು. ಆ ಹೆಸರು ಅವತ್ತಿಗೇ ಹೋಯಿತು, ಈಗ ಅದು ಮತ್ತೆ ಗೂಳಿ ತಿರುವು. ಕೊನೆಯ ತಿರುವನ್ನು ಮಾತ್ರ ಎಲ್ಲರೂ 'ಬೀಗರ ತಿರುವು' ಅನ್ನುತ್ತಾರೆ.

ಕೆಳಗೆ ಊರಬಾಗಿಲಿನಲ್ಲಿ ಹಿರಿಯರೆಲ್ಲ ಕಾಯುತ್ತಿದ್ದರು. ನಮ್ಮನ್ನು ಎದುರುಗೊಳ್ಳಲು ಕರಿಬಸಪ್ಪನವರು ತಮ್ಮ ಹಳೆಯ ಸೈಕಲ್ ಹತ್ತಿ ಒಂದಷ್ಟು ಮುಂದೆ ಬಂದಿದ್ದರು. ದೇವೀರಿ ತಿರುವು ದಾಟಿ ಕಾಣಿಸಿಕೊಂಡಳು. ಕರಿಬಸಪ್ಪನವರು ಬ್ರೇಕ್ ಹಿಡಿದರು. ಅವಳನ್ನು ನೋಡಿದರು, ಅವಳ ಹಿಂದಿನ ಜೀಪನ್ನು ನೋಡಿದರು, ಜೀಪಿನಲ್ಲಿ ಕೂತ ಹೊಟ್ಟೆಯನ್ನು ನೋಡಿದರು. ಆಮೇಲೆ ಆ ಮುದುಕರು ನಿಧಾನಕ್ಕೆ ಕಾಲು ಎತ್ತಿ ಸೈಕಲ್ಲಿನಿಂದ ಇಳಿದು, ಪಕ್ಕಕ್ಕೆ ಸರಿದು ನಿಂತರು. ಅವರ ಹಿಂದೆ ಸೈಕಲ್ಲಿನ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಇಳಿದರು.

ದೇವೀರಿ ಇಳಿಯಲಿಲ್ಲ. ಬೆಲ್ಲು ಹೊಡೆಯುತ್ತ ಅವರ ನಡುವೆ ಹಾದು ಹೋಗುತ್ತ, "ಮೊಸರು ನಾಳೆ ಕಣ್ರಪ್ಪಾ," ಅಂದಳು. "ಇವತ್ತು ನನ್ನ ಮನೆಗೆ ಮಗಳು ಬಂದಿದ್ದಾಳೆ."